ಫೈಲ್‌ಗೆ ಡಿಜಿಟಲ್ ಸಹಿ ಹಾಕೋದು, ಬಂದಿರೋ ಸಹಿ ಚೆಕ್ ಮಾಡೋದು: ಕೀ ಪೇರ್ ಮಾಡೋದ್ರಿಂದ ಹಿಡಿದು ಪೂರ್ತಿ ಕ್ರಮ

ಡೌನ್‌ಲೋಡ್ ಲಿಂಕ್ ಪಕ್ಕದಲ್ಲಿ ಡಾಟ್ ಸಿಗ್ ಅಥವಾ ಡಾಟ್ ಎಎಸ್‌ಸಿ ಅಂತ ಕೊನೆಯಾಗೋ ಒಂದು ಪುಟ್ಟ ಫೈಲ್ ಇರತ್ತಲ್ಲ, ಅದನ್ನ ಏನು ಮಾಡೋದು, ನಮ್ಮ ಫೈಲ್‌ಗೂ ಆ ಥರ ಸಹಿ ಹಾಕೋದು ಹೇಗೆ, ಈ ಎರಡು ಪ್ರಶ್ನೆ ಪದೇ ಪದೇ ಬರ್ತಾ ಇದೆ. ಒಬ್ಬೊಬ್ರಿಗೂ ಬಿಡಿಬಿಡಿಯಾಗಿ ಉತ್ತರ ಕೊಡೋ ಬದಲು ಮೊದಲಿಂದ ಕೊನೆವರೆಗೂ ಒಂದೇ ಕಡೆ ಬರೀತಿದೀನಿ. ಕ್ರಮ ಗೊತ್ತಿದ್ರೆ ಸಹಿ ಹಾಕೋದು ಅರ್ಧ ನಿಮಿಷದ ಕೆಲಸ, ಚೆಕ್ ಮಾಡೋದೂ ಅಷ್ಟೇ. ಕಷ್ಟ ಇರೋದು ಬೇರೆ ಕಡೆ, ಆ ಕೀ ನಿಜವಾಗ್ಲೂ ಅವರದೇನಾ ಅಂತ ಖಾತ್ರಿ ಮಾಡ್ಕೊಳ್ಳೋದ್ರಲ್ಲಿ. ತುಂಬಾ ಜನ ಅದೊಂದನ್ನ ಬಿಟ್ಟು ಉಳಿದಿದ್ದೆಲ್ಲ ಸರಿಯಾಗಿ ಮಾಡ್ತಾರೆ, ಆಮೇಲೆ ಪರದೆ ಮೇಲೆ ಹಸಿರು ಬಣ್ಣ ನೋಡಿ ಎಲ್ಲ ಸರಿ ಇದೆ ಅಂದ್ಕೋತಾರೆ. ಹಾಗಾಗಿ ಉಳಿದಿದ್ದನ್ನ ಬೇಕಾದ್ರೆ ಓಡಿಸ್ಕೊಂಡು ಓದಿ, 5ನೇ ಹಂತ ಮಾತ್ರ ನಿಧಾನವಾಗಿ ಓದಿ.

ಮೊದಲು, ಇದು ಕೆಲಸ ಮಾಡೋದು ಹೇಗೆ

ಕೀ ಪೇರ್ ಅಂದ್ರೆ ಒಟ್ಟಿಗೇ ತಯಾರಾಗೋ ಎರಡು ಕೀಗಳು. ಒಂದು ಪ್ರೈವೇಟ್ ಕೀ, ಅದು ನಿಮ್ಮ ಹತ್ರ ಮಾತ್ರ ಇರಬೇಕು, ಸಹಿ ಹಾಕೋದು ಅದರಿಂದ. ಇನ್ನೊಂದು ಪಬ್ಲಿಕ್ ಕೀ, ಅದನ್ನ ಯಾರಿಗೆ ಬೇಕಾದ್ರೂ ಕೊಡಬಹುದು, ಸಹಿ ಚೆಕ್ ಮಾಡೋದು ಅದರಿಂದ. ಪಬ್ಲಿಕ್ ಕೀ ಕೈಲಿದ್ರೂ ಅದರಿಂದ ಪ್ರೈವೇಟ್ ಕೀ ಕಂಡುಹಿಡಿಯೋಕೆ ಈಗಿನ ಕಂಪ್ಯೂಟರ್‌ಗಳಿಂದ ಆಗಲ್ಲ, ಇಡೀ ವ್ಯವಸ್ಥೆ ನಿಂತಿರೋದೇ ಅದರ ಮೇಲೆ. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಈ ಐಡಿಯಾನ ಮುಂದಿಟ್ರು, 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಮೂವರೂ ಸೇರಿ ಆರ್‌ಎಸ್‌ಎ ಅನ್ನೋ ವಿಧಾನ ಕಂಡುಹಿಡಿದ್ರು. ಸಾಮಾನ್ಯ ಜನರ ಕಂಪ್ಯೂಟರ್‌ಗೆ ಇದು ಬಂದಿದ್ದು 1991ರಲ್ಲಿ, ಫಿಲ್ ಝಿಮ್ಮರ್‌ಮನ್ ಬರೆದ ಪಿಜಿಪಿ ಪ್ರೋಗ್ರಾಂ ಮೂಲಕ. ನಾವೀಗ ಬಳಸೋ ಗ್ನೂಪಿಜಿ ಅದೇ ದಾರಿಯಲ್ಲಿ ಬಂದ ಉಚಿತ ಸಾಫ್ಟ್‌ವೇರ್, ಇದರ ಕಮಾಂಡ್ ಹೆಸರು ಜಿಪಿಜಿ.

ಸಹಿ ಹಾಕುವಾಗ ಒಳಗೆ ಆಗೋದು ಇಷ್ಟು: ಮೊದಲು ಫೈಲ್‌ನ ಹ್ಯಾಶ್ ತೆಗೆಯತ್ತೆ. ಹ್ಯಾಶ್ ಅಂದ್ರೆ ಫೈಲ್ ಎಷ್ಟೇ ದೊಡ್ಡದಿರಲಿ, ಅದರಿಂದ ಲೆಕ್ಕ ಹಾಕಿ ಬರೋ ಒಂದು ನಿಗದಿತ ಉದ್ದದ ಸಂಖ್ಯೆ, ಶಾ-256 ಅನ್ನೋ ವಿಧಾನದಲ್ಲಾದ್ರೆ 64 ಅಕ್ಷರ. ಫೈಲ್‌ನಲ್ಲಿ ಒಂದು ಬಿಟ್ ಬದಲಾದ್ರೂ ಹ್ಯಾಶ್ ಪೂರ್ತಿ ಬದಲಾಗತ್ತೆ. ಆ ಹ್ಯಾಶ್ ಮೇಲೆ ಪ್ರೈವೇಟ್ ಕೀ ಬಳಸಿ ಲೆಕ್ಕ ಮಾಡಿದಾಗ ಬರೋದೇ ಸಹಿ. ಚೆಕ್ ಮಾಡೋರು ತಮ್ಮ ಕಡೆ ಫೈಲ್‌ನ ಹ್ಯಾಶ್ ಮತ್ತೆ ತೆಗೆದು, ಪಬ್ಲಿಕ್ ಕೀ ಜೊತೆ ಸಹಿಗೆ ತಾಳೆ ನೋಡ್ತಾರೆ.

ಹಾಗಾದ್ರೆ ಬರೀ ಹ್ಯಾಶ್ ಕೊಟ್ರೆ ಸಾಲದಾ ಅಂತ ತುಂಬಾ ಜನ ಕೇಳ್ತಾರೆ. ಸಾಲದು. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ನ ವೆಬ್‌ಸೈಟ್ ಹ್ಯಾಕ್ ಮಾಡಿ ಡೌನ್‌ಲೋಡ್ ಲಿಂಕನ್ನ ಹಿಂಬಾಗಿಲು (ಬ್ಯಾಕ್‌ಡೋರ್, ಅಂದ್ರೆ ಕಳ್ಳರು ಗುಟ್ಟಾಗಿ ಒಳಬರೋ ದಾರಿ) ಸೇರಿಸಿದ ನಕಲಿ ಐಎಸ್‌ಒ ಫೈಲ್‌ಗೆ, ಅಂದ್ರೆ ಇನ್‌ಸ್ಟಾಲ್ ಮಾಡೋ ಡಿಸ್ಕ್ ಫೈಲ್‌ಗೆ ತಿರುಗಿಸಿದ್ರು. ವೆಬ್‌ಸೈಟೇ ಕಳ್ಳರ ಕೈಗೆ ಹೋದ ಮೇಲೆ ಫೈಲ್ ಪಕ್ಕದಲ್ಲಿ ಬರೆದಿರೋ ಹ್ಯಾಶನ್ನೂ ಅವರು ಬದಲಾಯಿಸಬಹುದಲ್ವಾ, ಅದಕ್ಕೆ ಯಾವ ಕೀಯೂ ಬೇಕಿಲ್ಲ. ಸಹಿ ಬದಲಾಯಿಸೋಕೆ ಮಾತ್ರ ಪ್ರೈವೇಟ್ ಕೀ ಬೇಕು, ಅದು ವೆಬ್ ಸರ್ವರ್‌ನಲ್ಲಿ ಇರಲ್ಲ (ಇರಬಾರದು).

ಸಹಿಯಿಂದ ಏನು ಗೊತ್ತಾಗಲ್ಲ ಅಂತಾನೂ ಈಗಲೇ ಹೇಳ್ಬಿಡ್ತೀನಿ, ಯಾಕಂದ್ರೆ ಗೊಂದಲ ಜಾಸ್ತಿ ಇರೋದು ಇಲ್ಲೇ. ಸಹಿ ಹಾಕಿದ್ರೆ ಫೈಲ್ ಗುಟ್ಟಾಗಲ್ಲ, ಯಾರು ಬೇಕಾದ್ರೂ ತೆಗೆದು ಓದಬಹುದು, ಮುಚ್ಚಿಡೋಕೆ ಎನ್‌ಕ್ರಿಪ್ಶನ್ ಬೇಕು, ಅದು ಬೇರೆ ಕೆಲಸ. ಫೈಲ್ ಒಳ್ಳೇದು ಅಂತಾನೂ ಸಹಿ ಹೇಳಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನೋ ಕಂಪ್ರೆಷನ್ ಸಾಫ್ಟ್‌ವೇರ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇರೋದು ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್ ಕಣ್ಣಿಗೆ ಬಿತ್ತು, ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಸೇರೋ ವಿಧಾನ) ಲಾಗಿನ್ ಸ್ವಲ್ಪ ನಿಧಾನ ಆಗ್ತಿದೆ ಯಾಕೆ ಅಂತ ಹುಡುಕ್ತಾ ಹೋಗಿ ಸಿಕ್ಕಿದ್ದು ಅದು. ಆ ಫೈಲ್‌ಗಳಿಗೆ ಸಹಿ ಇತ್ತು, ಸಹಿ ಸರಿಯಾಗೇ ಇತ್ತು, ಯಾಕಂದ್ರೆ ಹಿಂಬಾಗಿಲು ಸೇರಿಸಿದ ವ್ಯಕ್ತಿಗೇ ರಿಲೀಸ್ ಮಾಡೋ ಹಕ್ಕಿತ್ತು. ಅಂದ್ರೆ ಸಹಿ ಹೇಳೋದು ಎರಡೇ ಮಾತು: ಇದು ಈ ಕೀಯಿಂದ ಬಂದಿದೆ, ಬಂದ ಮೇಲೆ ಬದಲಾಗಿಲ್ಲ. ಇನ್ನು ಸಹಿಯೊಳಗೆ ಇರೋ ದಿನಾಂಕ, ಸಮಯ ಸಹಿ ಹಾಕಿದವರ ಕಂಪ್ಯೂಟರ್ ಗಡಿಯಾರ ಹೇಳಿದ್ದು ಅಷ್ಟೇ, ಗಡಿಯಾರ ಹಿಂದೆ ತಿರುಗಿಸಿ ಸಹಿ ಹಾಕಿದ್ರೆ ಹಿಂದಿನ ತಾರೀಕೇ ಬರತ್ತೆ, ಅದನ್ನ ಸಾಕ್ಷಿ ಅಂತ ತಗೋಬೇಡಿ.

ಇನ್ನೊಂದು ಮಾತು. ಕಾನೂನು ಒಪ್ಪೋ ಡಿಜಿಟಲ್ ಸಹಿಗೆ ಬೇರೆ ನಿಯಮ ಇರತ್ತೆ, ಸಾಮಾನ್ಯವಾಗಿ ಅದಕ್ಕೆ ಅಧಿಕೃತ ಸಂಸ್ಥೆ ಕೊಡೋ ಸರ್ಟಿಫಿಕೇಟ್ ಬೇಕು. ಇಲ್ಲಿ ಹೇಳ್ತಿರೋದು ನಾವೇ ಮಾಡ್ಕೊಳ್ಳೋ ಕೀ ಬಗ್ಗೆ. ಗಣಿತ ಹೆಚ್ಚುಕಮ್ಮಿ ಒಂದೇ ಆದ್ರೂ ಕಚೇರಿ ಕಾಗದಕ್ಕೆ ಇದು ನಡೆಯತ್ತೆ ಅಂತ ಅಂದ್ಕೋಬೇಡಿ.

ಏನೇನು ಬೇಕು

ವಿಂಡೋಸ್ ಆದ್ರೆ ಜಿಪಿಜಿ4ವಿನ್ ಹಾಕ್ಕೊಳ್ಳಿ, ಅದರ ಜೊತೆ ಕ್ಲಿಯೋಪಾಟ್ರಾ ಅನ್ನೋ ಕಿಟಕಿ ಇರೋ ಪ್ರೋಗ್ರಾಂ ಬರತ್ತೆ, ಕಮಾಂಡ್ ಟೈಪ್ ಮಾಡೋ ಅಗತ್ಯ ಇಲ್ಲ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಜಿಪಿಜಿ ಮೊದಲೇ ಇರತ್ತೆ. ಮ್ಯಾಕ್‌ಗೆ ಜಿಪಿಜಿ ಸೂಟ್ ಇದೆ, ಇಲ್ಲಾಂದ್ರೆ ಹೋಮ್‌ಬ್ರೂ ಮೂಲಕ ಹಾಕ್ಕೋಬಹುದು. ಯಾವುದೇ ಆದ್ರೂ ಅವರವರ ಮೂಲ ಸೈಟ್‌ನಿಂದಲೇ ತಗೊಳ್ಳಿ, ಸಹಿ ಚೆಕ್ ಮಾಡೋ ಸಾಫ್ಟ್‌ವೇರೇ ನಕಲಿ ಆದ್ರೆ ಮುಂದಿನದ್ದೆಲ್ಲ ವ್ಯರ್ಥ. ವಿಂಡೋಸ್‌ನಲ್ಲಿ ಇನ್‌ಸ್ಟಾಲರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದ್ರೆ ಡಿಜಿಟಲ್ ಸಿಗ್ನೇಚರ್ಸ್ ಅನ್ನೋ ಟ್ಯಾಬ್ ಇರತ್ತೆ, ಅಲ್ಲಿ ಒಂದ್ಸಲ ನೋಡ್ಕೊಳ್ಳಿ. ಇದಲ್ಲದೆ ಬ್ಯಾಕಪ್‌ಗೆ ಒಂದು ಪೆನ್ ಡ್ರೈವ್ ಬೇಕು, ಬೇರೆ ಯಾವುದಕ್ಕೂ ಬಳಸದೇ ಇರೋದು.

ಕೆಳಗಿನ ಕಮಾಂಡ್‌ಗಳನ್ನ ಓದೋಕೆ ಸುಲಭ ಆಗ್ಲಿ ಅಂತ ಕನ್ನಡ ಅಕ್ಷರದಲ್ಲಿ ಬರೆದಿದೀನಿ, ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡೋ ಕಿಟಕಿ) ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರಗಳೇ ಬೇಕು, ಹೈಫನ್‌ಗಳು ಎಲ್ಲಿ ಎಷ್ಟಿವೆಯೋ ಹಾಗೇ ಹಾಕಿ. ಹೈಫನ್ ಎರಡಿರೋ ಕಡೆ ಮಧ್ಯೆ ಜಾಗ ಬಿಡ್ಬೇಡಿ.

ಹಂತ 1: ಕೀ ಪೇರ್ ಮಾಡ್ಕೊಳ್ಳಿ

ಕ್ಲಿಯೋಪಾಟ್ರಾದಲ್ಲಿ ಫೈಲ್ ಮೆನು ತೆಗೆದು ನ್ಯೂ ಓಪನ್‌ಪಿಜಿಪಿ ಕೀ ಪೇರ್ ಒತ್ತಿ. ಹೆಸರು, ಇಮೇಲ್ ಕೇಳತ್ತೆ. ಇದೆರಡೂ ಪಬ್ಲಿಕ್ ಕೀ ಒಳಗೆ ಸೇರ್ಕೊಂಡು ಎಲ್ರಿಗೂ ಕಾಣತ್ತೆ, ಹಾಗಾಗಿ ಹೊರಗೆ ಹೇಳೋಕೆ ಇಷ್ಟ ಇಲ್ಲದ ಇಮೇಲ್ ಹಾಕ್ಬೇಡಿ. ಪಾಸ್‌ಫ್ರೇಸ್‌ನಿಂದ ಕೀಗೆ ರಕ್ಷಣೆ ಕೊಡ್ಲಾ ಅನ್ನೋ ಟಿಕ್ ಇರತ್ತೆ, ಅದು ಬಿದ್ದಿದೆಯಾ ಅಂತ ನೋಡಿಯೇ ಮುಂದೆ ಹೋಗಿ. ಟರ್ಮಿನಲ್‌ನವರಿಗೆ ಕಮಾಂಡ್ ಇದು:

ಜಿಪಿಜಿ --ಫುಲ್-ಜನರೇಟ್-ಕೀ

ಯಾವ ಥರದ ಕೀ ಅಂತ ಕೇಳಿದ್ರೆ, ಹೊಸ ಆವೃತ್ತಿಗಳಲ್ಲಿ ಡಿಫಾಲ್ಟ್ ಆಗಿರೋ ಇಡಿ25519 ಇರಲಿ. ಕೀ ಚಿಕ್ಕದು, ಸಹಿ ಬರೀ 64 ಬೈಟ್, ವೇಗವೂ ಇದೆ. ನಿಮ್ಮ ಜೊತೆ ಕೆಲಸ ಮಾಡೋರ ಹತ್ರ ತೀರಾ ಹಳೇ ಸಾಫ್ಟ್‌ವೇರ್ ಇದ್ರೆ ಮಾತ್ರ ಆರ್‌ಎಸ್‌ಎ ತಗೊಳ್ಳಿ, 3072 ಅಥವಾ 4096 ಬಿಟ್. ಎಕ್ಸ್‌ಪೈರಿ, ಅಂದ್ರೆ ಕೀಯ ವಾಯಿದೆ, ಎರಡೋ ಮೂರೋ ವರ್ಷ ಇಡಿ. ಎಂದೂ ಮುಗಿಯದ ಹಾಗೆ ಇಟ್ರೆ ಒಂದಿನ ಪಾಸ್‌ಫ್ರೇಸ್ ಮರೆತು ಬ್ಯಾಕಪ್ಪೂ ಕಳೆದ್ರೆ ಆ ಕೀ ನಿಮ್ಮ ಹೆಸರಲ್ಲಿ ಕಾಯಂ ಆಗಿ ಓಡಾಡ್ತಾ ಇರತ್ತೆ. ವಾಯಿದೆ ಬೇಕಾದಾಗ ಮುಂದೂಡಬಹುದು, ಹಾಗಾಗಿ ಚಿಕ್ಕದಿಟ್ರೆ ನಷ್ಟ ಇಲ್ಲ.

ಪಾಸ್‌ಫ್ರೇಸ್ ಬಗ್ಗೆ: ಪ್ರೈವೇಟ್ ಕೀ ಇರೋ ಫೈಲನ್ನ ಯಾರಾದ್ರೂ ಕದ್ದರೆ ಅವರಿಗೆ ಅಡ್ಡ ನಿಲ್ಲೋದು ಇದೊಂದೇ. ಒಂದಕ್ಕೊಂದು ಸಂಬಂಧ ಇಲ್ಲದ ಐದಾರು ಪದ ಸೇರಿಸಿ ಮಾಡಿದ್ರೆ ನೆನಪೂ ಇರತ್ತೆ, ಊಹಿಸೋಕೂ ಕಷ್ಟ. ಒಂದ್ಸಲ ಹಾಕಿದ ಮೇಲೆ ಸ್ವಲ್ಪ ಹೊತ್ತು ಮತ್ತೆ ಕೇಳಲ್ಲ, ಜಿಪಿಜಿ ಏಜೆಂಟ್ ಅನ್ನೋ ಹಿನ್ನೆಲೆ ಪ್ರೋಗ್ರಾಂ ಅದನ್ನ ನೆನಪಿಟ್ಕೊಂಡಿರತ್ತೆ, ಡಿಫಾಲ್ಟ್ ಆಗಿ 10 ನಿಮಿಷ. ಕಂಪ್ಯೂಟರ್ ಬಿಟ್ಟು ಎದ್ದು ಹೋಗುವಾಗ ಸ್ಕ್ರೀನ್ ಲಾಕ್ ಮಾಡಿ ಅಂತ ಹೇಳೋದು ಇದಕ್ಕೇ.

ಹಂತ 2: ಬ್ಯಾಕಪ್ ಮತ್ತು ರಿವೊಕೇಶನ್ ಸರ್ಟಿಫಿಕೇಟ್, ಇವತ್ತೇ

ನಾಳೆ ಮಾಡೋಣ ಅಂದ್ರೆ ಆಗೋದೇ ಇಲ್ಲ, ಆದ್ರಿಂದ ಕೀ ಮಾಡಿದ ಕೂಡ್ಲೇ ಮುಗಿಸಿ. ಕ್ಲಿಯೋಪಾಟ್ರಾದಲ್ಲಿ ಕೀ ಮೇಲೆ ರೈಟ್ ಕ್ಲಿಕ್ ಮಾಡಿ ಬ್ಯಾಕಪ್ ಸೀಕ್ರೆಟ್ ಕೀಸ್ ಆರಿಸಿ, ಟರ್ಮಿನಲ್‌ನಲ್ಲಿ ಹೀಗೆ:

ಜಿಪಿಜಿ --ಆರ್ಮರ್ --ಔಟ್‌ಪುಟ್ ಬ್ಯಾಕಪ್.ಎಎಸ್‌ಸಿ --ಎಕ್ಸ್‌ಪೋರ್ಟ್-ಸೀಕ್ರೆಟ್-ಕೀಸ್ ನಿಮ್ಮ-ಇಮೇಲ್

ಇಲ್ಲಿ ಆರ್ಮರ್ ಅಂದ್ರೆ ಔಟ್‌ಪುಟ್ ಬೈನರಿ ಬದಲು ಮಾಮೂಲಿ ಟೆಕ್ಸ್ಟ್ ಅಕ್ಷರಗಳಲ್ಲಿ ಬರ್ಲಿ ಅಂತ. ಆ ಫೈಲನ್ನ ಪೆನ್ ಡ್ರೈವ್‌ಗೆ ಹಾಕಿ ಕಂಪ್ಯೂಟರ್‌ನಲ್ಲಿರೋ ಪ್ರತಿ ಅಳಿಸಿ. ಕ್ಲೌಡ್ ಡ್ರೈವ್‌ನಲ್ಲಿ ಇಡೋದು, ನಿಮಗೆ ನೀವೇ ಇಮೇಲ್ ಮಾಡ್ಕೊಳ್ಳೋದು ಬೇಡ.

ರಿವೊಕೇಶನ್ ಸರ್ಟಿಫಿಕೇಟ್ ಅಂದ್ರೆ ಈ ಕೀ ಇನ್ಮುಂದೆ ನಂಬಬೇಡಿ ಅಂತ ನೀವೇ ಮೊದಲೇ ಬರೆದಿಟ್ಟ ರದ್ದು ಪತ್ರ. ಜಿಪಿಜಿ ಇದನ್ನ ತಾನಾಗೇ ಮಾಡಿ ತನ್ನ ಫೋಲ್ಡರ್ ಒಳಗೆ ಓಪನ್‌ಪಿಜಿಪಿ-ರಿವೊಕ್ಸ್.ಡಿ ಅನ್ನೋ ಜಾಗದಲ್ಲಿ ಇಟ್ಟಿರತ್ತೆ. ಕೈತಪ್ಪಿ ಬಳಸಿಬಿಡದ ಹಾಗೆ ಅದರ ಮೊದಲ ಹೈಫನ್‌ಗಳ ಮುಂದೆ ಒಂದು ಕೋಲನ್ ಚಿಹ್ನೆ ಸೇರಿಸಿರತ್ತೆ, ನಿಜವಾಗಿ ಬೇಕಾದಾಗ ಅದನ್ನ ಅಳಿಸಿ ಇಂಪೋರ್ಟ್ ಮಾಡ್ಬೇಕು. ಇದರ ಒಂದು ಪ್ರತಿನೂ ಬೇರೆ ಕಡೆ ಇಡಿ. ಯಾರ ಕೈಗಾದ್ರೂ ಸಿಕ್ರೆ ನಿಮ್ಮ ಕೀ ರದ್ದು ಮಾಡಬಹುದೇ ಹೊರತು ನಿಮ್ಮ ಹೆಸರಲ್ಲಿ ಸಹಿ ಹಾಕೋಕಾಗಲ್ಲ, ಆದ್ರೂ ಜೋಪಾನ.

ಹಂತ 3: ಪಬ್ಲಿಕ್ ಕೀ ಮತ್ತು ಫಿಂಗರ್‌ಪ್ರಿಂಟ್ ಹೊರಗೆ ಕೊಡಿ

ಜಿಪಿಜಿ --ಆರ್ಮರ್ --ಎಕ್ಸ್‌ಪೋರ್ಟ್ ನಿಮ್ಮ-ಇಮೇಲ್

ಇದರಿಂದ ಬರೋದು ಪಬ್ಲಿಕ್ ಕೀ. ಹೊರಗೆ ಕೊಡೋ ಮೊದಲು ಮೊದಲನೇ ಸಾಲು ಓದಿ, ಅಲ್ಲಿ ಪಬ್ಲಿಕ್ ಕೀ ಬ್ಲಾಕ್ ಅಂತಾನೇ ಇರಬೇಕು. ಪ್ರೈವೇಟ್ ಕೀ ಬ್ಲಾಕ್ ಅಂತಿದ್ರೆ ಅಲ್ಲೇ ನಿಲ್ಲಿಸಿ. ಗುಂಪಿಗೆ ಹಾಕಿ ಆಮೇಲೆ ಅಳಿಸಿದ್ರೂ ಆ ಕೀ ಕಥೆ ಮುಗೀತು ಅಂತಲೇ ಲೆಕ್ಕ, ರದ್ದು ಮಾಡಿ ಹೊಸದು ಮಾಡ್ಬೇಕು.

ಫಿಂಗರ್‌ಪ್ರಿಂಟ್ ಅಂದ್ರೆ ಆ ಕೀಯ ಗುರುತು ಸಂಖ್ಯೆ, ಈಗ ಎಲ್ಲ ಕಡೆ ಬಳಕೇಲಿರೋ ಕೀಗಳಲ್ಲಿ 40 ಅಕ್ಷರ. ಜಿಪಿಜಿ --ಫಿಂಗರ್‌ಪ್ರಿಂಟ್ ಅಂದ್ರೆ ತೋರಿಸತ್ತೆ. ಇದನ್ನ ಪೂರ್ತಿ 40 ಅಕ್ಷರನೂ ಕೊಡಿ, ಕೊನೇ 8 ಅಕ್ಷರ ಮಾತ್ರ ಕೊಡೋ ಹಳೇ ರೂಢಿ ಬಿಡಿ. 8 ಅಕ್ಷರ ಅಂದ್ರೆ ಬರೀ 32 ಬಿಟ್, ಅದೇ 8 ಅಕ್ಷರ ಬರೋ ಹಾಗೆ ನಕಲಿ ಕೀ ಮಾಡೋದು ಮಾಮೂಲಿ ಕಂಪ್ಯೂಟರ್‌ನಲ್ಲೇ ಆಗತ್ತೆ. 2016ರಲ್ಲಿ ಲಿನಕ್ಸ್ ಶುರುಮಾಡಿದ ಲೀನಸ್ ಟೋರ್ವಾಲ್ಡ್ಸ್ ಹೆಸರಲ್ಲೇ, ಅವರ ಕೀಯ ಅದೇ 8 ಅಕ್ಷರದ ಐಡಿ ಇರೋ ನಕಲಿ ಕೀ ಕೀಸರ್ವರ್‌ನಲ್ಲಿ (ಪಬ್ಲಿಕ್ ಕೀಗಳನ್ನ ಎಲ್ರೂ ಹುಡುಕೋಕೆ ಆಗೋ ಹಾಗೆ ಇಡೋ ಸರ್ವರ್) ಸಿಕ್ಕಿತ್ತು.

ಫಿಂಗರ್‌ಪ್ರಿಂಟ್ ಒಂದೇ ಕಡೆ ಹಾಕ್ಬೇಡಿ. ನಿಮ್ಮ ಸೈಟ್, ಸೋಶಿಯಲ್ ಮೀಡಿಯಾ ಖಾತೆ, ಇಮೇಲ್ ಕೆಳಗಿನ ಸಿಗ್ನೇಚರ್ ಸಾಲು, ಸಾಧ್ಯ ಆದ್ರೆ ವಿಸಿಟಿಂಗ್ ಕಾರ್ಡ್, ಹೀಗೆ ಒಂದಕ್ಕೊಂದು ಸಂಬಂಧ ಇಲ್ಲದ ಜಾಗಗಳಲ್ಲಿ ಇರಲಿ. ಒಂದು ಜಾಗ ಹ್ಯಾಕ್ ಆದ್ರೂ ಉಳಿದವು ಸುಳ್ಳನ್ನ ಹಿಡಿದುಕೊಡ್ತವೆ. ಪಬ್ಲಿಕ್ ಕೀನ ಕೀಸರ್ವರ್‌ಗೂ ಏರಿಸಬಹುದು, ಕೀಸ್ ಡಾಟ್ ಓಪನ್‌ಪಿಜಿಪಿ ಡಾಟ್ ಆರ್ಗ್ ಅನ್ನೋದು ಇಮೇಲ್‌ಗೆ ಲಿಂಕ್ ಕಳಿಸಿ ಅದು ನಿಮ್ಮದೇ ಅಂತ ನೋಡಿದ ಮೇಲೇ ಇಮೇಲ್ ಮೂಲಕ ಹುಡುಕೋರಿಗೆ ತೋರಿಸತ್ತೆ.

ಹಂತ 4: ಸಹಿ ಹಾಕಿ

ಮೂರು ಥರದ ಸಹಿ ಇದೆ. ಡಿಟ್ಯಾಚ್ಡ್ ಅಂದ್ರೆ ಮೂಲ ಫೈಲ್ ಮುಟ್ಟದೆ ಪಕ್ಕದಲ್ಲಿ ಬೇರೆ ಸಹಿ ಫೈಲ್ ಬರತ್ತೆ. ಕ್ಲಿಯರ್‌ಸೈನ್ ಅಂದ್ರೆ ಟೆಕ್ಸ್ಟ್ ಸಂದೇಶದ ಸುತ್ತ ಮೇಲೆ ಕೆಳಗೆ ಸಾಲುಗಳು ಸೇರಿ ಸಹಿ ಒಳಗೇ ಇರತ್ತೆ. ಮಾಮೂಲಿ ಸೈನ್ ಅಂದ್ರೆ ಫೈಲೂ ಸಹಿನೂ ಒಂದೇ ಗಂಟಾಗಿ ಡಾಟ್ ಜಿಪಿಜಿ ಫೈಲ್ ಬರತ್ತೆ, ಜಿಪಿಜಿ ಇಲ್ಲದವರು ತೆಗೆಯೋಕಾಗಲ್ಲ. ನನ್ನ ಸಲಹೆ ಯಾವಾಗಲೂ ಡಿಟ್ಯಾಚ್ಡ್. ಸಹಿ ಬೇಡ ಅನ್ನೋರೂ ಫೈಲ್ ಹಾಗೇ ಬಳಸಬಹುದು.

ಜಿಪಿಜಿ --ಆರ್ಮರ್ --ಡಿಟ್ಯಾಚ್-ಸೈನ್ ವರದಿ.ಪಿಡಿಎಫ್

ವರದಿ.ಪಿಡಿಎಫ್.ಎಎಸ್‌ಸಿ ಅನ್ನೋ ಹೊಸ ಫೈಲ್ ಬರತ್ತೆ, ಎರಡನ್ನೂ ಜೊತೆಗೆ ಕಳಿಸಿ. ಕ್ಲಿಯೋಪಾಟ್ರಾದಲ್ಲಿ ಸೈನ್/ಎನ್‌ಕ್ರಿಪ್ಟ್ ಒತ್ತಿ ಫೈಲ್ ಆರಿಸಿದಾಗ ಸೈನ್ ಆ್ಯಸ್ ಅನ್ನೋ ಟಿಕ್ ಮಾತ್ರ ಉಳಿಸಿ, ಎನ್‌ಕ್ರಿಪ್ಟ್ ಫಾರ್ ಮಿ ಅನ್ನೋದನ್ನ ತೆಗೆಯಿರಿ. ಇದನ್ನ ಮರೆತು ನಿಮಗೆ ಮಾತ್ರ ತೆಗೆಯೋಕಾಗೋ ಫೈಲನ್ನ ಬೇರೆಯವರಿಗೆ ಕಳಿಸೋದು ತುಂಬಾ ಸಾಮಾನ್ಯ ತಪ್ಪು.

ಸಹಿ ಹಾಕೋದು ಯಾವಾಗಲೂ ಕೊನೇ ಕೆಲಸ. ಸಹಿ ಆದ ಮೇಲೆ ಫೈಲ್ ತೆಗೆದು ಒಂದು ಕಾಮಾ ಸರಿಮಾಡಿ ಸೇವ್ ಮಾಡಿದ್ರೂ ಸಹಿ ಹೊಂದಲ್ಲ, ಎಷ್ಟೋ ಸಲ ವರ್ಡ್ ಥರದ ಪ್ರೋಗ್ರಾಂಗಳು ಏನೂ ಬದಲಾಯಿಸದೆ ಸುಮ್ನೆ ಸೇವ್ ಒತ್ತಿದ್ರೂ ಒಳಗಿನ ಬೈಟ್‌ಗಳನ್ನ ಬದಲಾಯಿಸ್ತವೆ.

ಇನ್ನೊಂದು ಸೂಕ್ಷ್ಮ ಇದೆ, ಇದು ಅನುಭವಿಗಳಿಗೂ ಎಷ್ಟೋ ಸಲ ಹೊಳೆಯಲ್ಲ. ಡಿಟ್ಯಾಚ್ಡ್ ಸಹಿ ಕಾಯೋದು ಫೈಲ್ ಒಳಗಿನ ವಿಷಯವನ್ನ, ಫೈಲ್ ಹೆಸರನ್ನಲ್ಲ. ನಿಮ್ಮ ಪ್ರೋಗ್ರಾಂನ ಹಳೇ, ತೂತಿರೋ ಆವೃತ್ತಿಯನ್ನ ಯಾರಾದ್ರೂ ಅದರ ಸರಿಯಾದ ಸಹಿ ಸಮೇತ ಎತ್ಕೊಂಡು ಎರಡಕ್ಕೂ ಹೊಸ ಆವೃತ್ತಿಯ ಹೆಸರಿಟ್ಟು ಹಂಚಿದ್ರೆ ಸಹಿ ಚೆಂದಾಗಿ ಪಾಸ್ ಆಗತ್ತೆ, ಯಾಕಂದ್ರೆ ಸಹಿ ನಿಜವಾಗ್ಲೂ ನಿಮ್ಮದೇ. ಇದಕ್ಕೆ ಪರಿಹಾರ, ಆವೃತ್ತಿ ಸಂಖ್ಯೆ ಮತ್ತು ದಿನಾಂಕನ ಫೈಲ್ ಒಳಗೇ ಬರೆಯೋದು. ಇಲ್ಲಾ ಎಲ್ಲ ಫೈಲ್‌ಗಳ ಹೆಸರು ಮತ್ತು ಶಾ-256 ಹ್ಯಾಶ್ ಇರೋ ಒಂದು ಪಟ್ಟಿ ಮಾಡಿ ಆ ಪಟ್ಟಿಗೆ ಸಹಿ ಹಾಕೋದು. ಉಬುಂಟು, ಡೆಬಿಯನ್ ತಮ್ಮ ಐಎಸ್‌ಒ ಫೈಲ್‌ಗಳಿಗೆ ಮಾಡೋದು ಈ ಪಟ್ಟಿ ಕ್ರಮವನ್ನೇ. ಹ್ಯಾಶ್‌ಗೆ ಎಂಡಿ5, ಶಾ-1 ಬಳಸ್ಬೇಡಿ. ಶಾ-1 ಒಂದೇ ಬರೋ ಎರಡು ಬೇರೆ ಬೇರೆ ಪಿಡಿಎಫ್ ಮಾಡಬಹುದು ಅಂತ 2017ರಲ್ಲೇ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಂನ ಸಿಡಬ್ಲ್ಯುಐ ಸಂಶೋಧಕರು ಮಾಡಿ ತೋರಿಸಿದಾರೆ.

ಹಂತ 5: ಬೇರೆಯವರ ಕೀ ತಗೊಳ್ಳಿ, ಅದು ಅವರದೇ ಅಂತ ಖಾತ್ರಿ ಮಾಡ್ಕೊಳ್ಳಿ

ಈಗ ಸಹಿ ಚೆಕ್ ಮಾಡೋ ಕಡೆಗೆ ಬರೋಣ. ಇಷ್ಟು ನೆನಪಿಡಿ: ಯಾರು ಬೇಕಾದ್ರೂ ಯಾರ ಹೆಸರು, ಯಾರ ಇಮೇಲ್ ಬೇಕಾದ್ರೂ ಹಾಕಿ ಕೀ ಮಾಡಬಹುದು. ಹಂತ 1ರಲ್ಲಿ ನೀವೇ ನೋಡಿದ್ರಲ್ಲ, ಹೆಸರು ಟೈಪ್ ಮಾಡಿದಾಗ ಜಿಪಿಜಿ ನಿಮ್ಮ ಗುರುತಿನ ಚೀಟಿ ಕೇಳ್ಲಿಲ್ಲ. ಹಾಗಾಗಿ ಕೀ ಮೇಲಿರೋ ಹೆಸರಿಗೆ ಅದರಷ್ಟಕ್ಕೇ ಯಾವ ಬೆಲೆನೂ ಇಲ್ಲ.

ಸಾಮಾನ್ಯವಾಗಿ ಜನ ಏನು ಮಾಡ್ತಾರೆ ಅಂದ್ರೆ, ಫೈಲ್ ಮತ್ತು ಸಹಿ ಡೌನ್‌ಲೋಡ್ ಮಾಡಿ ವೆರಿಫೈ ಒತ್ತುತ್ತಾರೆ, ಪಬ್ಲಿಕ್ ಕೀ ಇಲ್ಲ ಅಂತ ಬರತ್ತೆ, ಜೊತೆಗೆ ಇಂಥ ಕೀಯಿಂದ ಸಹಿ ಆಗಿದೆ ಅಂತ ಒಂದು ಐಡಿ ತೋರಿಸತ್ತೆ, ಆ ಐಡಿ ಕಾಪಿ ಮಾಡಿ ಕೀಸರ್ವರ್‌ನಲ್ಲಿ ಹುಡುಕಿ ಇಂಪೋರ್ಟ್ ಮಾಡಿ ಮತ್ತೆ ವೆರಿಫೈ ಒತ್ತಿದ್ರೆ ಗುಡ್ ಸಿಗ್ನೇಚರ್ ಅಂತ ಬರತ್ತೆ, ಮುಗೀತು ಅಂದ್ಕೋತಾರೆ. ಆದ್ರೆ ಯೋಚ್ನೆ ಮಾಡಿ, ಫೈಲನ್ನ ಕಳ್ಳ ಬದಲಾಯಿಸಿದ್ರೆ ಸಹಿ ಫೈಲನ್ನೂ ಅವನೇ ಬದಲಾಯಿಸಿರ್ತಾನೆ, ಆ ಸಹಿಯಲ್ಲಿ ತೋರೋ ಐಡಿ ಕಳ್ಳನ ಕೀದೇ, ನೀವು ಹುಡುಕಿ ತಂದಿದ್ದೂ ಕಳ್ಳನ ಕೀನೇ, ಆಗ ಗುಡ್ ಸಿಗ್ನೇಚರ್ ಬರದೇ ಇನ್ನೇನು ಬರತ್ತೆ. ಕಳ್ಳನ ಪರಿಚಯಕ್ಕೆ ಕಳ್ಳನನ್ನೇ ಕೇಳಿದ ಹಾಗಾಯ್ತು. ಕೀ ಯಾವುದು ಅಂತ ಸಹಿ ಫೈಲ್ ಹೇಳಬಾರದು, ನಿಮಗೆ ಬೇರೆ ದಾರಿಯಿಂದ ಮೊದಲೇ ಗೊತ್ತಿರಬೇಕು.

ಬೇರೆ ದಾರಿ ಅಂದ್ರೆ ಯಾವುದು? ಪರಿಚಯದವರಾದ್ರೆ ಎದುರಿಗೆ ಕೂತು, ಇಲ್ಲಾ ದನಿ ಗುರುತಿರೋ ಫೋನ್ ಕಾಲ್‌ನಲ್ಲಿ 40 ಅಕ್ಷರನೂ ಓದಿಸ್ಕೊಳ್ಳಿ. ಅವರು ಓದ್ಬೇಕು, ನೀವು ತಾಳೆ ನೋಡ್ಬೇಕು. ನೀವು ಓದಿ ಅವರ ಹತ್ರ ಹೂಂ ಅನ್ನಿಸ್ಕೊಂಡ್ರೆ ಕೆಲವರು ಪರದೆ ನೋಡದೇನೇ ಹೂಂ ಅಂತಾರೆ. ಸಾಫ್ಟ್‌ವೇರ್ ಪ್ರಾಜೆಕ್ಟ್ ಆದ್ರೆ ಅವರ ಸೈಟ್‌ನಲ್ಲಿರೋ ಫಿಂಗರ್‌ಪ್ರಿಂಟನ್ನ ಅವರ ಕೋಡ್ ಇರೋ ಜಾಗ, ಡೆವಲಪರ್‌ಗಳ ಬೇರೆ ಖಾತೆ, ಹಳೇ ರಿಲೀಸ್ ಪ್ರಕಟಣೆ, ನಿಮ್ಮ ಲಿನಕ್ಸ್ ಜೊತೆಗೇ ಬಂದಿರೋ ಕೀಗಳ ಪ್ಯಾಕೇಜ್, ಇವುಗಳ ಜೊತೆ ಹೋಲಿಸಿ. ಎರಡು ಮೂರು ಕಡೆ ಒಂದೇ ಬಂದ್ರೆ ನಂಬಿಕೆ ಗಟ್ಟಿ. ಒಂದ್ಸಲ ಹೀಗೆ ಖಾತ್ರಿ ಮಾಡಿ ಇಂಪೋರ್ಟ್ ಮಾಡಿದ್ರೆ ಮುಂದಿನ ರಿಲೀಸ್‌ಗಳಿಗೆ ಅದೇ ಕೀ ಸಾಕು, ಮತ್ತೆ ಇಷ್ಟೆಲ್ಲ ಬೇಕಿಲ್ಲ. ಆದ್ರೆ ಒಂದಿನ ಕೀ ಬದಲಾಗಿದೆ ಅಂತ ಬಂದ್ರೆ ಅಲ್ಲೇ ನಿಲ್ಲಿ. ನಿಜವಾಗಿ ಬದಲಾಯಿಸಿದ್ರೆ ಸಾಮಾನ್ಯವಾಗಿ ಹಳೇ ಕೀಯಿಂದಲೇ ಸಹಿ ಹಾಕಿ ಹೊಸ ಕೀ ಇದು ಅಂತ ಪ್ರಕಟಣೆ ಕೊಟ್ಟಿರ್ತಾರೆ, ಅದನ್ನ ಹುಡುಕಿ.

ಖಾತ್ರಿ ಆದ ಮೇಲೆ ಅದನ್ನ ಜಿಪಿಜಿಗೂ ಹೇಳ್ಬೇಕು. ಕ್ಲಿಯೋಪಾಟ್ರಾದಲ್ಲಿ ಸರ್ಟಿಫೈ ಅನ್ನೋ ಬಟನ್, ಟರ್ಮಿನಲ್‌ನಲ್ಲಿ:

ಜಿಪಿಜಿ --ಎಲ್‌ಸೈನ್-ಕೀ ಪೂರ್ತಿ-ಫಿಂಗರ್‌ಪ್ರಿಂಟ್

ಇದು ನಾನು ನೋಡಿದೀನಿ, ಈ ಕೀ ಅವರದೇ ಅಂತ ನಿಮ್ಮ ಕಂಪ್ಯೂಟರ್ ಮಟ್ಟಿಗೆ ಗುರುತು ಹಾಕೋದು, ಹೊರಗೆ ಹೋಗಲ್ಲ. ಎಚ್ಚರಿಕೆ ಸಾಲು ಮಾಯ ಆಗ್ಲಿ ಅಂತ ಕೆಲವರು ಬೇರೆಯವರ ಕೀಗೆ ಟ್ರಸ್ಟ್ ಲೆವೆಲ್ ಅಲ್ಟಿಮೇಟ್ ಅಂತ ಕೊಟ್ಬಿಡ್ತಾರೆ, ಅದು ದೊಡ್ಡ ತಪ್ಪು. ಅಲ್ಟಿಮೇಟ್ ಇರೋದು ನಿಮ್ಮ ಸ್ವಂತ ಕೀಗೆ ಮಾತ್ರ, ಬೇರೆಯವರಿಗೆ ಕೊಟ್ರೆ ಅವರು ಸಹಿ ಹಾಕಿದ ಇನ್ನೊಬ್ಬರ ಕೀಗಳನ್ನೂ ನಿಮ್ಮ ಜಿಪಿಜಿ ಕೇಳದೇ ಒಪ್ಕೊಳ್ಳತ್ತೆ.

ಹಂತ 6: ಸಹಿ ಚೆಕ್ ಮಾಡಿ, ಬಂದ ಉತ್ತರ ಪೂರ್ತಿ ಓದಿ

ಜಿಪಿಜಿ --ವೆರಿಫೈ ವರದಿ.ಪಿಡಿಎಫ್.ಎಎಸ್‌ಸಿ ವರದಿ.ಪಿಡಿಎಫ್

ಮೊದಲು ಸಹಿ ಫೈಲ್, ಆಮೇಲೆ ಮೂಲ ಫೈಲ್. ಮೂಲ ಫೈಲ್ ಹೆಸರು ಬಿಟ್ರೂ ಜಿಪಿಜಿ ಊಹಿಸ್ಕೊಳ್ಳತ್ತೆ, ಆದ್ರೆ ಬಿಡ್ಬೇಡಿ, ಯಾವ ಫೈಲ್ ಚೆಕ್ ಆಯ್ತು ಅನ್ನೋದು ನಿಮಗೆ ಸ್ಪಷ್ಟ ಇರಲಿ. ಕ್ಲಿಯೋಪಾಟ್ರಾದಲ್ಲಿ ಎರಡೂ ಫೈಲ್ ಒಂದೇ ಫೋಲ್ಡರ್‌ನಲ್ಲಿಟ್ಟು ಡಿಕ್ರಿಪ್ಟ್/ವೆರಿಫೈ ಒತ್ತಿ. ಬರೋ ಉತ್ತರಗಳು ಹೀಗಿರತ್ತೆ:

ಗುಡ್ ಸಿಗ್ನೇಚರ್ ಅಂತ ಬಂದು ಬೇರೆ ಎಚ್ಚರಿಕೆ ಇಲ್ಲ ಅಂದ್ರೆ ಸರಿ. ಆದ್ರೂ ಅಲ್ಲಿ ತೋರಿಸೋ ಹೆಸರು ನೀವು ಎದುರು ನೋಡಿದವರದೇನಾ ನೋಡಿ, ನಿಮ್ಮ ಹತ್ರ ಹತ್ತಾರು ಜನರ ಕೀ ಇದ್ರೆ ಅದರಲ್ಲಿ ಯಾರ ಸಹಿ ಇದ್ರೂ ಗುಡ್ ಅಂತಾನೇ ಬರತ್ತೆ.

ಗುಡ್ ಸಿಗ್ನೇಚರ್ ಜೊತೆ ವಾರ್ನಿಂಗ್, ಈ ಕೀ ನಂಬಿಕಸ್ತ ಸಹಿಯಿಂದ ಪ್ರಮಾಣಿತ ಆಗಿಲ್ಲ ಅಂತ ಬಂದ್ರೆ ಲೆಕ್ಕ ತಾಳೆ ಆಯ್ತು, ಆದ್ರೆ ಹಂತ 5 ಬಾಕಿ ಇದೆ ಅಂತ ಅರ್ಥ.

ಬ್ಯಾಡ್ ಸಿಗ್ನೇಚರ್ ಅಂದ್ರೆ ಫೈಲ್ ಬದಲಾಗಿದೆ. ಫೈಲ್ ತೆಗೆಯಬೇಡಿ, ರನ್ ಮಾಡ್ಬೇಡಿ. ಯಾವಾಗಲೂ ಕಳ್ಳತನವೇ ಅಂತಲ್ಲ, ಡೌನ್‌ಲೋಡ್ ಅರ್ಧಕ್ಕೇ ನಿಂತಿರಬಹುದು, ಟೆಕ್ಸ್ಟ್ ಫೈಲ್ ಆದ್ರೆ ದಾರಿಯಲ್ಲಿ ಸಾಲಿನ ಕೊನೆ ಗುರುತುಗಳು ವಿಂಡೋಸ್ ಶೈಲಿಗೆ ಬದಲಾಗಿರಬಹುದು, ಫೋಟೋ ಆದ್ರೆ ಕಳಿಸಿದ ಆ್ಯಪ್ ಅದನ್ನ ಚಿಕ್ಕದು ಮಾಡಿರಬಹುದು. ಫೋಟೋನ ಡಾಕ್ಯುಮೆಂಟ್ ಆಗಿ ಕಳಿಸೋದು, ಟೆಕ್ಸ್ಟ್ ಫೈಲನ್ನ ಜಿಪ್ ಮಾಡಿ ಆ ಜಿಪ್‌ಗೇ ಸಹಿ ಹಾಕೋದು ಒಳ್ಳೇದು. ಮತ್ತೆ ಡೌನ್‌ಲೋಡ್ ಮಾಡಿ, ಆಗ್ಲೂ ಬ್ಯಾಡ್ ಬಂದ್ರೆ ಕಳಿಸಿದವರಿಗೆ ತಿಳಿಸಿ.

ನೋ ಪಬ್ಲಿಕ್ ಕೀ ಅಂದ್ರೆ ನಕಲಿ ಅಂತಲ್ಲ, ಅಸಲಿ ಅಂತಲೂ ಅಲ್ಲ, ಇನ್ನೂ ಏನೂ ಚೆಕ್ ಆಗಿಲ್ಲ ಅಷ್ಟೇ. ಎಕ್ಸ್‌ಪೈರ್ಡ್ ಕೀ ಅಂತ ಬಂದ್ರೆ ಅವರು ವಾಯಿದೆ ಮುಂದೂಡಿರೋ ಹೊಸ ಪ್ರತಿ ಇದೆಯಾ ನೋಡಿ. ರಿವೋಕ್ಡ್ ಅಂತ ಬಂದ್ರೆ ಆ ಕೀಯ ಸಹಿ ನಂಬಬೇಡಿ.

ಹ್ಯಾಶ್ ಪಟ್ಟಿಗೆ ಸಹಿ ಹಾಕಿದ್ರೆ ಎರಡು ಕೆಲಸ ಇದೆ, ಪಟ್ಟಿಯ ಸಹಿ ಚೆಕ್ ಮಾಡೋದು, ಆಮೇಲೆ ನಿಮ್ಮ ಫೈಲ್‌ನ ಹ್ಯಾಶ್ ಪಟ್ಟಿಯಲ್ಲಿರೋದಕ್ಕೆ ಸಮ ಇದೆಯಾ ನೋಡೋದು. ಮೊದಲನೇದು ಮಾತ್ರ ಮಾಡಿ ಬಿಡೋರು ತುಂಬಾ ಜನ, ಆಗ ಐಎಸ್‌ಒ ಚೆಕ್ಕೇ ಆಗಿರಲ್ಲ. ಲಿನಕ್ಸ್‌ನಲ್ಲಿ ಶಾ256ಸಮ್ --ಚೆಕ್ --ಇಗ್ನೋರ್-ಮಿಸ್ಸಿಂಗ್ ಅಂತ ಪಟ್ಟಿ ಫೈಲ್ ಹೆಸರು ಕೊಟ್ರೆ ಅದೇ ಹೋಲಿಸಿ ಹೇಳತ್ತೆ.

ಕ್ಲಿಯರ್‌ಸೈನ್ ಸಂದೇಶದಲ್ಲಿ ಸಹಿ ಕಾಯೋದು ಮೇಲಿನ ಗುರುತು ಸಾಲಿನಿಂದ ಕೆಳಗಿನ ಗುರುತು ಸಾಲಿನ ತನಕ ಮಾತ್ರ. ಅದಕ್ಕಿಂತ ಮೇಲೆ ಅಥವಾ ಕೆಳಗೆ ಯಾರು ಏನು ಸೇರಿಸಿದ್ರೂ ವೆರಿಫೈ ಗುಡ್ ಅಂತಾನೇ ಬರಬಹುದು, ಕಣ್ಣಲ್ಲಿ ಓದುವಾಗ ಎಚ್ಚರ.

ಬೇರೆಯವರ ಫೈಲ್ ಮುಟ್ಟೋ ಮೊದಲು ಒಂದು ಅಭ್ಯಾಸ ಮಾಡಿ: ಒಂದು ಟೆಕ್ಸ್ಟ್ ಫೈಲ್ ಬರೆದು ಸಹಿ ಹಾಕಿ ಚೆಕ್ ಮಾಡಿ, ಗುಡ್ ಬರತ್ತೆ. ಈಗ ಒಂದೇ ಒಂದು ಅಕ್ಷರ ಬದಲಾಯಿಸಿ ಸೇವ್ ಮಾಡಿ ಮತ್ತೆ ಚೆಕ್ ಮಾಡಿ. ಬ್ಯಾಡ್ ಅನ್ನೋದು ಹೇಗೆ ಕಾಣತ್ತೆ ಅಂತ ಒಂದ್ಸಲ ಕಣ್ಣಾರೆ ನೋಡಿದ್ರೆ ಮುಂದೆ ಗುರುತಿಸೋದು ಸುಲಭ.

ಹಂತ 7: ಆಮೇಲಿನ ನಿರ್ವಹಣೆ

ವಾಯಿದೆ ಮುಗಿಯೋಕೆ ಒಂದು ತಿಂಗಳು ಮುಂಚೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕ್ಕೊಳ್ಳಿ. ಮುಂದೂಡೋಕೆ ಜಿಪಿಜಿ --ಕ್ವಿಕ್-ಸೆಟ್-ಎಕ್ಸ್‌ಪೈರ್, ಫಿಂಗರ್‌ಪ್ರಿಂಟ್, ಆಮೇಲೆ ಎಷ್ಟು ಕಾಲ ಅಂತ. ಫಿಂಗರ್‌ಪ್ರಿಂಟ್ ಬದಲಾಗಲ್ಲ, ಆದ್ರೆ ಪಬ್ಲಿಕ್ ಕೀನ ಮತ್ತೆ ಎಕ್ಸ್‌ಪೋರ್ಟ್ ಮಾಡಿ ಎಲ್ಲ ಕಡೆ ಹೊಸದು ಹಾಕ್ಬೇಕು, ಇಲ್ಲಾಂದ್ರೆ ಬೇರೆಯವರ ಹತ್ರ ಹಳೇ ವಾಯಿದೆಯೇ ಉಳಿದಿರತ್ತೆ. ಮುಗಿದ ಮೇಲೂ ಮುಂದೂಡಬಹುದು, ಕೀ ಕೆಟ್ಟೋಗಲ್ಲ.

ಕಂಪ್ಯೂಟರ್ ಕಳುವಾದ್ರೆ, ವೈರಸ್ ಹೊಕ್ಕಿದೆ ಅಂತ ಅನುಮಾನ ಬಂದ್ರೆ, ಕಾಯ್ತಾ ಕೂರಬೇಡಿ. ರಿವೊಕೇಶನ್ ಸರ್ಟಿಫಿಕೇಟ್‌ನ ಆ ಕೋಲನ್ ಅಳಿಸಿ ಇಂಪೋರ್ಟ್ ಮಾಡಿ, ರದ್ದಾದ ಪಬ್ಲಿಕ್ ಕೀನ ಕೀಸರ್ವರ್‌ಗೂ ಸೈಟ್‌ಗೂ ಏರಿಸಿ, ನಿಮ್ಮ ಫೈಲ್ ಬಳಸೋರಿಗೆ ನೇರವಾಗಿ ಹೇಳಿ. ಹಳೇ ಸಹಿಗಳೂ ಆಗ ಅನುಮಾನಕ್ಕೆ ಬರತ್ತೆ, ಕದ್ದವರು ಗಡಿಯಾರ ಹಿಂದೆ ತಿರುಗಿಸಿ ಸಹಿ ಹಾಕಬಹುದಲ್ಲ, ಹಾಗಾಗಿ ಮುಖ್ಯವಾದ ಫೈಲ್‌ಗಳಿಗೆ ಹೊಸ ಕೀಯಿಂದ ಮತ್ತೆ ಸಹಿ ಹಾಕಿ.

ಇಷ್ಟೆಲ್ಲ ಬೇಡ, ಎಸ್‌ಎಸ್‌ಎಚ್ ಕೀ ಇದೆ ಅನ್ನೋರಿಗೆ

ಸರ್ವರ್‌ಗೆ ಲಾಗಿನ್ ಆಗೋಕೆ ಎಸ್‌ಎಸ್‌ಎಚ್ ಕೀ ಮೊದಲೇ ಇದ್ರೆ ಅದರಿಂದಲೂ ಫೈಲ್‌ಗೆ ಸಹಿ ಹಾಕಬಹುದು, ಓಪನ್‌ಎಸ್‌ಎಸ್‌ಎಚ್ 8.1ರಿಂದ, ಅಂದ್ರೆ 2019ರಿಂದ ಈ ಸೌಲಭ್ಯ ಇದೆ. ಇಲ್ಲಿ ವೈ ಅಕ್ಷರ ದೊಡ್ಡದು, ಉಳಿದಿದ್ದು ಚಿಕ್ಕದು:

ಎಸ್‌ಎಸ್‌ಎಚ್-ಕೀಜೆನ್ -ವೈ ಸೈನ್ -ಎಫ್ ನಿಮ್ಮ-ಕೀ -ಎನ್ ಫೈಲ್ ವರದಿ.ಪಿಡಿಎಫ್

ಎನ್ ಮುಂದೆ ಬರೋ ಫೈಲ್ ಅನ್ನೋ ಪದ ನೇಮ್‌ಸ್ಪೇಸ್, ಅಂದ್ರೆ ಈ ಸಹಿ ಯಾವ ಉದ್ದೇಶಕ್ಕೆ ಅನ್ನೋ ಗುರುತು, ಚೆಕ್ ಮಾಡುವಾಗಲೂ ಅದೇ ಪದ ಕೊಡ್ಬೇಕು. ಚೆಕ್ ಮಾಡೋರು ಅಲೋಡ್ ಸೈನರ್ಸ್ ಅನ್ನೋ ಒಂದು ಟೆಕ್ಸ್ಟ್ ಫೈಲ್ ಮಾಡಿ ಯಾರ ಇಮೇಲ್‌ಗೆ ಯಾವ ಪಬ್ಲಿಕ್ ಕೀ ಅಂತ ಸಾಲು ಸಾಲಾಗಿ ಬರೆದಿಟ್ಕೋಬೇಕು. ನನಗೆ ಇದು ಇಷ್ಟ ಆಗೋದು ಈ ಕಾರಣಕ್ಕೇ, ಯಾರನ್ನ ನಂಬ್ತೀನಿ ಅನ್ನೋದನ್ನ ಮೊದಲೇ ಕೈಯಾರೆ ಬರೀದೆ ಯಾರದ್ದು ಅನ್ನೋ ಉತ್ತರವೇ ಸಿಗಲ್ಲ. ಕೀಸರ್ವರ್, ಟ್ರಸ್ಟ್ ಲೆವೆಲ್ ಯಾವುದೂ ಇಲ್ಲ, ವಾಯಿದೆ ಬೇಕಂದ್ರೂ ಆ ಪಟ್ಟಿಯಲ್ಲೇ ಬರೀಬೇಕು. ಸಣ್ಣ ತಂಡದೊಳಗೆ ಫೈಲ್ ಕಳಿಸಿಕೊಳ್ಳೋಕೆ ಧಾರಾಳ ಸಾಕು. ಹೊರಗಿನ ಸಾರ್ವಜನಿಕರಿಗೆ ರಿಲೀಸ್ ಕೊಡೋದಾದ್ರೆ ಜಿಪಿಜಿ ಇಟ್ಕೊಳ್ಳಿ, ಇಲ್ಲಾ ಮಿನಿಸೈನ್ ಅನ್ನೋ ಚಿಕ್ಕ ಪ್ರೋಗ್ರಾಂ ನೋಡಿ, ಅದು ಸಹಿ ಹಾಕೋದು ಮತ್ತು ಚೆಕ್ ಮಾಡೋದು ಬಿಟ್ಟು ಬೇರೆ ಏನೂ ಮಾಡಲ್ಲ, ಅದರ ಪಬ್ಲಿಕ್ ಕೀ ಒಂದೇ ಸಾಲಿನಲ್ಲಿ ಹಿಡಿಯತ್ತೆ. ಯಾವುದನ್ನ ಆರಿಸಿದ್ರೂ ಆ ಪಬ್ಲಿಕ್ ಕೀ ನಿಮ್ಮ ಓದುಗರಿಗೆ ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಸಿಗೋ ಹಾಗೆ ಇಡಿ.